ಸೈಕಲ್ ಸುದ್ದಿ, ಕಂತು 7: ಚೈನಿಗೆ ಎಷ್ಟು ಖರ್ಚು ಮಾಡ್ಬೇಕು?

ಕಳೆದ ಕಂತಿನ ಫೋಟೋ ನೋಡಿ ಏಳು ಮಂದಿ ಒಂದೇ ಪ್ರಶ್ನೆ ಕೇಳಿದ್ದೀರಿ: "ಬಂಗಾರದ ಬಣ್ಣದ ಚೈನ್ ಎಲ್ಲಿ ಸಿಗ್ತದೆ?" ಇನ್ನಿಬ್ಬರು, ಮುಂದಿನ ಬ್ರೇಕ್ ತೆಗೆದುಬಿಟ್ರೆ ಸೈಕಲ್ ಇನ್ನೂ ಕ್ಲೀನ್ ಕಾಣ್ತದಲ್ಲ ಅಕ್ಕಾ ಅಂದ್ರು. ನಮ್ಮ ಕಾಲೇಜಿನ ಫಸ್ಟ್ ಇಯರ್ ಹುಡುಗನೊಬ್ಬ ಫ್ರೀವೀಲಿಗೆ ವೆಲ್ಡಿಂಗ್ ಹೊಡೆಸಿ "ನಂದೂ ಫಿಕ್ಸಿ ಆಯ್ತು" ಅಂತ ವಿಡಿಯೋ ಕಳಿಸಿದ್ದಾನೆ. ಮೂರೂ ಕಡೆಗೆ ಬಂದು ನಿಲ್ಲೋದು ಚೈನಿನ ಹತ್ರಾನೇ. ಒಂದು ಪೋಸ್ಟಿಗೆ ಹಿಡಿಸಲ್ಲ, ನಾಲ್ಕಾಗಿ ಹಾಕ್ತಿದ್ದೀನಿ, ಸಾಲಾಗಿ ಓದ್ರಿ.

ಬಂಗಾರದ ಬಣ್ಣದ ವಿಷಯ ಮೊದಲು ಮುಗಿಸ್ತೀನಿ. ಆನ್‌ಲೈನಲ್ಲಿ ಸಿಗ್ತದೆ. ಹಲ್ಲು ತಾಗೋ ಜಾಗದಲ್ಲಿ ಬಣ್ಣ ಬೇಗ ಸವೆದುಹೋಗ್ತದೆ, ಉಳಿದ ಕಡೆ ನಮ್ಮ ವಿಜಯಪುರದ ಧೂಳು ಕೂತು ಎರಡೇ ವಾರಕ್ಕೆ ಕಂದು ಬಣ್ಣ. ದುಡ್ಡು ನಿಮ್ಮದು.

ಹೊಸದಾಗಿ ಫಾಲೋ ಮಾಡ್ತಿರೋರಿಗೆ ಸ್ವಲ್ಪ ಹಿನ್ನೆಲೆ. ಮಾಮೂಲಿ ಸೈಕಲ್ ಇಳಿಜಾರಿನಲ್ಲಿ ಹೋಗುವಾಗ ಪೆಡಲ್ ನಿಲ್ಲಿಸಿದ್ರೆ ಟಿಕ್‌ಟಿಕ್ ಅನ್ನೋದು ಫ್ರೀವೀಲ್. ಫಿಕ್ಸೆಡ್ ಗೇರ್ ಸೈಕಲಿನಲ್ಲಿ ಅದಿಲ್ಲ. ಅದರ ಜಾಗದಲ್ಲಿ ಕಾಗ್ ಅನ್ನೋ ಹಲ್ಲಿನ ಚಕ್ರ ಹಿಂದಿನ ಗಾಲಿಗೆ ಗಟ್ಟಿಯಾಗಿ ಕೂತಿರ್ತದೆ. ಗಾಲಿ ತಿರುಗಿದಷ್ಟು ಹೊತ್ತೂ ಪೆಡಲ್ ತಿರುಗ್ತದೆ. ಕಾಲಿನಿಂದ ಪೆಡಲ್ ತಡೆದ್ರೆ ಗಾಲಿ ನಿಧಾನ ಆಗ್ತದೆ. ವೆಲೊಡ್ರೋಮಿನಲ್ಲಿ ಓಡೋ ಟ್ರ್ಯಾಕ್ ಸೈಕಲ್ ಎಲ್ಲ ಹೀಗೇ. ಸೈಕ್ಲಿಂಗ್ ಅಂದ್ರೆ ವಿಜಯಪುರ, ಬಾಗಲಕೋಟೆ ಕಡೆಯ ಹಳ್ಳಿಗಳಲ್ಲೂ ಜನಕ್ಕೆ ಗೊತ್ತು, ಮನೆಗೊಬ್ಬ ಅಲ್ಲದಿದ್ರೂ ಓಣಿಗೊಬ್ಬ ರೇಸಿಗೆ ಹೋದವನು ಸಿಗ್ತಾನೆ. ನಮ್ಮ ಮನೆಯಲ್ಲಿ ಅದು ಕಾಕಾ. ನಾನು ತುಳಿಯೋದು ಅವರ ಹಳೇ ಟ್ರ್ಯಾಕ್ ಸೈಕಲ್.

ಈಗ ಮುಖ್ಯ ಮಾತು. ಮಾಮೂಲಿ ಸೈಕಲಿನಲ್ಲಿ ಚೈನಿಗೆ ಒಂದೇ ಕೆಲಸ, ಮುಂದೆ ಎಳೆಯೋದು. ಎಳೆತ ಬೀಳೋದು ಮೇಲಿನ ಭಾಗಕ್ಕೆ ಮಾತ್ರ, ಕೆಳಗಿನದು ಸುಮ್ಮನೆ ಜೋತಾಡ್ತಿರ್ತದೆ. ಫಿಕ್ಸೆಡ್ ಸೈಕಲಿನಲ್ಲಿ ಕಾಲಿನಿಂದ ತಡೆಯುವಾಗ ಕೆಳಗಿನ ಭಾಗವೂ ಬಿಗಿಯಾಗ್ತದೆ. ಅಂದ್ರೆ ಚೈನೇ ಅರ್ಧ ಬ್ರೇಕು. ಗೇರ್ ಸೈಕಲಿನಲ್ಲಿರೋ ಸ್ಪ್ರಿಂಗ್ ಟೆನ್ಷನರ್ ಇಲ್ಲಿ ಹಾಕೋಕೆ ಬರಲ್ಲ, ಮೊದಲ ಸಲ ಜೋರಾಗಿ ತಡೆದಾಗಲೇ ಅದು ಮುರೀತದೆ. ಚೈನಿನ ಬಿಗಿ ಕಾಯೋಕೆ ಗಾಲಿಯ ಎರಡು ನಟ್ ಮತ್ತು ನಿಮ್ಮ ಕಣ್ಣು, ಅಷ್ಟೇ.

ಕಾಕಾನ ಎಡ ಭುಜದ ಹತ್ರ ಕಾಲರ್ ಎಲುಬಿನ ಮೇಲೆ ಒಂದು ಗಂಟು ಇದೆ. ಹತ್ತೊಂಬತ್ತರ ವಯಸ್ಸಿನಲ್ಲಿ ಸೊಲ್ಲಾಪುರ ರಸ್ತೆಯಲ್ಲಿ ಪ್ರಾಕ್ಟೀಸ್ ಮಾಡುವಾಗ ಸಡಿಲಾದ ಚೈನು ಹಲ್ಲಿನಿಂದ ಜಾರಿತು. ಮಾಮೂಲಿ ಸೈಕಲಿನಲ್ಲಿ ಚೈನು ಬಿದ್ರೆ ಕೈ ಕಪ್ಪಾಗ್ತದೆ, ಅಷ್ಟೇ. ಇದರಲ್ಲಿ ಜಾರಿದ ಚೈನು ಕಾಗಿಗೂ ಫ್ರೇಮಿಗೂ ನಡುವೆ ಸಿಕ್ಕಿ ಹಿಂದಿನ ಗಾಲಿ ಒಮ್ಮೆಲೇ ಲಾಕ್ ಆಯ್ತು. ಎಲುಬು ಮುರಿದು ಆ ವರ್ಷದ ಸೆಲೆಕ್ಷನ್ ಹೋಯ್ತು. ಮುಂದಿನ ವರ್ಷ ಮನೆಯಲ್ಲಿ ಕಳಿಸಲಿಲ್ಲ. ಈಗ ಇಂಡಿ ಹತ್ರ ನಿಂಬೆ ತೋಟ ನೋಡ್ಕೊಂಡಿದ್ದಾರೆ. ಸೈಕಲ್ ನನಗೆ ಕೊಡುವಾಗ ರೇಸಿನ ಸುದ್ದಿ ಒಂದೂ ಹೇಳಲಿಲ್ಲ. "ನೋಡವಾ, ಗಾಲಿ ಗಾಳಿ ಆಮ್ಯಾಲ ನೋಡು, ದಿನಾ ಮೊದ್ಲ ಚೈನಿಗೆ ಬೆರಳು ಹಚ್ಚಿ ನೋಡು" ಅಂದ್ರು.

ಚೈನ್ ಆರಿಸೋದು ನೀವು ಅಂದುಕೊಂಡಷ್ಟು ಕಷ್ಟ ಇಲ್ಲ. ಪಿನ್ನಿನಿಂದ ಪಿನ್ನಿಗೆ ಅರ್ಧ ಇಂಚು, ಅಂದ್ರೆ 12.7 ಮಿ.ಮೀ., ಇದು ಹಾಲಿನವರ ಸೈಕಲಿಗೂ ಒಂದೇ, ರೇಸ್ ಸೈಕಲಿಗೂ ಒಂದೇ. (ಈ ರೋಲರ್ ಚೈನಿನ ಪೇಟೆಂಟ್ ತಗೊಂಡವನು ಹಾನ್ಸ್ ರೆನಾಲ್ಡ್, 1880ರಲ್ಲಿ, ಮ್ಯಾಂಚೆಸ್ಟರಿನಲ್ಲಿ. ಆವತ್ತಿನ ರಚನೆ ಇವತ್ತಿಗೂ ಹೆಚ್ಚುಕಮ್ಮಿ ಹಾಗೇ ಇದೆ.) ನೋಡಬೇಕಾದ್ದು ಒಳಗಿನ ಅಗಲ. ಎರಡು ಬಗೆ: 1/8 ಇಂಚು, 3/32 ಇಂಚು. ನಮ್ಮ ಮಾಮೂಲಿ ದೊಡ್ಡ ಸೈಕಲಿಗೂ ಟ್ರ್ಯಾಕ್ ಸೈಕಲಿಗೂ ಸಾಮಾನ್ಯವಾಗಿ 1/8. ಅಗಲದ ಚೈನು ತೆಳು ಹಲ್ಲಿನ ಮೇಲೆ ಓಡ್ತದೆ, ಸ್ವಲ್ಪ ಸದ್ದು ಮಾಡ್ತದೆ. ಆದ್ರೆ ತೆಳು ಚೈನು ದಪ್ಪ ಹಲ್ಲಿನ ಮೇಲೆ ಕೂರೋದೇ ಇಲ್ಲ. ಅನುಮಾನ ಇದ್ರೆ ಹಲ್ಲಿನ ದಪ್ಪ ಅಳೀರಿ. 3 ಮಿ.ಮೀ. ಹತ್ರ ಇದ್ರೆ 1/8, 2ರ ಹತ್ರ ಇದ್ರೆ 3/32.

ಗೇರ್ ಸೈಕಲಿನ ಹತ್ತು, ಹನ್ನೊಂದು ಸ್ಪೀಡಿನ ಚೈನು ದುಬಾರಿ ಅಂತ ಒಳ್ಳೇದು ಅಂದ್ಕೋಬೇಡ್ರಿ. ಗೇರ್ ಬದಲಾಗುವಾಗ ಅಡ್ಡಡ್ಡ ಬಾಗಲಿ ಅಂತಲೇ ಅದನ್ನ ಹಾಗೆ ಮಾಡಿರ್ತಾರೆ. ನಮಗೆ ಬೇಕಾದ್ದು ಅಡ್ಡ ಬಾಗದ ಚೈನು.

ಜಪಾನಿನಲ್ಲಿ ಕೇರಿನ್ ಅನ್ನೋ ರೇಸ್ ಇದೆ, 1948ರಲ್ಲಿ ಕೊಕುರಾ ಊರಿನಲ್ಲಿ ಶುರುವಾದದ್ದು. ಜನ ದುಡ್ಡು ಕಟ್ಟಿ ನೋಡೋ ರೇಸ್ ಆದ್ದರಿಂದ ಯಾರಿಗೂ ಸಾಮಾನಿನಿಂದ ಲಾಭ ಆಗಬಾರದು ಅಂತ ಸೈಕಲಿನ ಭಾಗಗಳಿಗೆಲ್ಲ ಎನ್‌ಜೆಎಸ್ ಅನ್ನೋ ಮುದ್ರೆ ಬೇಕು. ಇಝುಮಿ ಚೈನಿಗೆ ಅಷ್ಟು ಹೆಸರು ಬಂದದ್ದು ಅಲ್ಲಿಂದಲೇ. ಚಲೋ ಚೈನು ಹೌದು. ಆದ್ರೆ ಹೊರಗಿನಿಂದ ತರಿಸಿದ್ರೆ ನನ್ನ ಒಂದು ಸೆಮಿಸ್ಟರಿನ ಪುಸ್ತಕದ ದುಡ್ಡು ಹೋಗ್ತದೆ, ಮತ್ತೆ ಗಾಂಧಿ ಚೌಕದ ಟ್ರಾಫಿಕ್ಕಿನಲ್ಲಿ ಅದರ ಗುಣ ಗೊತ್ತಾಗೋದೂ ಇಲ್ಲ. ನಾನು ಹಾಕಿದ್ದು ಕೆಎಂಸಿಯ ಸಾದಾ 1/8 ಚೈನು, ಬಣ್ಣ ಇಲ್ಲದ್ದು. ಅಂಗಡಿಯಲ್ಲಿ ಮಾಮೂಲಿ ಸೈಕಲಿಗೆ ಕೊಡೋ ಚೈನೂ ಅಳತೆಗೆ ಸರಿಹೋಗ್ತದೆ. ಅದನ್ನ ತಗೊಳ್ಳೋದಾದ್ರೆ ಕೈಯಲ್ಲಿ ಹಿಡಿದು ಒಂದೊಂದು ಕೊಂಡಿ ಮಡಚಿ ನೋಡ್ರಿ. ಎಲ್ಲಾದ್ರೂ ಬಿಗಿ ಹಿಡಿದ್ರೆ, ಪಿನ್ನಿನ ತಲೆ ಒಂದು ಬದಿಗೆ ಹೆಚ್ಚು ಹೊರಗೆ ಬಂದಿದ್ರೆ, ವಾಪಸ್ ಕೊಡ್ರಿ. ಅಂಗಡಿಯವರು "ಓಡ್ತಾ ಓಡ್ತಾ ಸರಿ ಆಗ್ತೈತಿ ಬಿಡವಾ" ಅಂತಾರೆ. ಆಗಲ್ಲ.

ಅಂಗಡಿಯಲ್ಲಿ ಲಾಕ್ ಅಂತಾರಲ್ಲ, ಚೈನಿನ ಎರಡು ತುದಿ ಕೂಡಿಸೋ ಕೊಂಡಿ, ಅದರ ಮೇಲಿನ ಸಣ್ಣ ಕ್ಲಿಪ್ ಮೀನಿನ ಆಕಾರದಲ್ಲಿರ್ತದೆ. ಚೈನು ಓಡೋ ದಿಕ್ಕಿಗೆ ಮೀನಿನ ತಲೆ ಇರಬೇಕು, ಸೀಳಿದ ಬಾಲ ಹಿಂದೆ. ತಿರುಗಾಮುರುಗಾ ಹಾಕಿದ್ರೆ ಏನಾದ್ರೂ ತಾಗಿದಾಗ ಕ್ಲಿಪ್ ಕಳಚಿಕೊಳ್ಳೋ ಸಾಧ್ಯತೆ ಹೆಚ್ಚು.

ಇನ್ನು ಬಿಗಿ ಮಾಡೋದು. ಇದನ್ನ ನಿಧಾನ ಓದ್ರಿ. ಮುಂದಿನ ಚೈನ್‌ವೀಲ್ ಯಾವುದೂ ಪೂರ್ತಿ ದುಂಡಗೆ ಇರಲ್ಲ. ಹಾಗಾಗಿ ಕ್ರ್ಯಾಂಕ್ ತಿರುಗಿಸ್ತಾ ಹೋದ್ರೆ ಚೈನು ಒಂದು ಕಡೆ ಬಿಗಿ, ಒಂದು ಕಡೆ ಸಡಿಲ ಆಗ್ತದೆ. ಎಲ್ಲಿ ಅತಿ ಬಿಗಿ ಇದೆಯೋ ಅಲ್ಲಿ ನಿಲ್ಲಿಸ್ರಿ. ನಡುವೆ ಬೆರಳಿಟ್ಟು ಮೇಲೆ ಕೆಳಗೆ ಆಡಿಸಿದ್ರೆ ಒಟ್ಟು ಅರ್ಧ ಇಂಚು ಆಡಬೇಕು. ತಂತಿ ಥರ ಬಿಗಿ ಇದ್ರೆ ಬೇರಿಂಗ್ ಸವೀತದೆ, ತುಳಿಯುವಾಗ ಗುರ್‌ಗುರ್ ಅಂತದೆ. ಅರ್ಧ ಇಂಚಿಗಿಂತ ಬಹಳ ಹೆಚ್ಚು ಆಡಿದ್ರೆ ಕಾಕಾನ ಭುಜ ನೆನಪು ಮಾಡ್ಕೊಳ್ರಿ. ಸರಿಮಾಡೋಕೆ 15 ನಂಬರಿನ ಪಾನಾ ಒಂದೇ ಸಾಕು. ಎರಡೂ ನಟ್ ಪೂರ್ತಿ ಬಿಚ್ಚಬೇಡ್ರಿ. ಒಂದು ಬದಿ ಸಡಿಲ ಮಾಡಿ ಗಾಲಿಯನ್ನ ಸ್ವಲ್ಪ ಓರೆಯಾಗಿ ಹಿಂದಕ್ಕೆ ತಳ್ಳಿ ಬಿಗಿ ಮಾಡ್ರಿ, ಆಮೇಲೆ ಇನ್ನೊಂದು ಬದಿ. ಮಗು ಹೆಜ್ಜೆ ಇಟ್ಟಂಗೆ ಗಾಲಿ ಎಡ, ಬಲ, ಎಡ ಅಂತ ಹಿಂದೆ ಹೋಗ್ತದೆ. ಮೊದಲ ದಿನ ನನಗೆ ಮುಕ್ಕಾಲು ಗಂಟೆ ಹಿಡೀತು, ಈಗ ಐದು ನಿಮಿಷ.

ವೆಲ್ಡಿಂಗ್ ಮಾಡಿಸಿದ ತಮ್ಮನಿಗೆ ಫೋನ್ ಮಾಡಿ ಹೇಳಿದ್ದನ್ನೇ ಇಲ್ಲೂ ಹೇಳ್ತೀನಿ, ಬೇರೆಯವರೂ ಅದನ್ನ ಮಾಡೋ ಯೋಚನೆಯಲ್ಲಿದ್ದೀರಿ ಅಂತ ಗೊತ್ತು. ಫ್ರೀವೀಲ್ ಹಬ್ಬಿಗೆ ಕೂತಿರೋದು ಮರೆಯ ಮೇಲೆ. ಮುಂದೆ ತುಳಿದ್ರೆ ಬಿಗಿಯಾಗ್ತದೆ, ಹಿಂದಕ್ಕೆ ತಡೆದ್ರೆ ಬಿಚ್ಚಿಕೊಳ್ಳೋ ಕಡೆಗೆ ತಿರುಗ್ತದೆ. ಅಸಲಿ ಫಿಕ್ಸೆಡ್ ಹಬ್ಬಿನಲ್ಲಿ ಕಾಗಿನ ಮೇಲೆ ಉಲ್ಟಾ ಮರೆಯ ಲಾಕ್‌ರಿಂಗ್ ಒಂದು ಇರ್ತದೆ, ಬಿಚ್ಚದಂಗೆ ತಡೆಯೋದು ಅದೇ. ವೆಲ್ಡಿಂಗ್ ಹೊಡೆದ ಫ್ರೀವೀಲಿಗೆ ಆ ಕಾವಲು ಇಲ್ಲ. ನಿಲ್ಲಿಸಬೇಕು ಅಂತ ಜೋರಾಗಿ ತಡೆದ ಗಳಿಗೆಯಲ್ಲೇ ಅದು ಕೈಕೊಡ್ತದೆ.

ಎಣ್ಣೆ ವಿಷಯಕ್ಕೆ ಎಲ್ಲರ ಮನೆಯಲ್ಲೂ ಒಬ್ಬ ತಜ್ಞ ಇರ್ತಾರೆ. ಕೊಬ್ಬರಿ ಎಣ್ಣೆ ಬೇಡ, ಚಳಿಗೆ ಹೆಪ್ಪುಗಟ್ಟಿ ಅಂಟಾಗ್ತದೆ. ಡಬ್ಲ್ಯುಡಿ-40 ತುಕ್ಕು ಬಿಡಿಸೋಕೆ, ನೀರು ಓಡಿಸೋಕೆ ಸರಿ, ಚೈನಿನೊಳಗೆ ಬಹಳ ದಿನ ನಿಲ್ಲೋ ಎಣ್ಣೆ ಅಲ್ಲ. ಹಳೇ ಇಂಜಿನ್ ಆಯಿಲ್ ಸುರಿದ್ರೆ ಧೂಳು ಹಿಡಿದು ಕಪ್ಪು ಹಿಟ್ಟಾಗ್ತದೆ, ಆ ಹಿಟ್ಟು ಪಾಲಿಷ್ ಕಾಗದ ಉಜ್ಜಿದಂಗೆ ಪಿನ್ ಸವೆಸ್ತದೆ. ಸೈಕಲ್ ಚೈನಿನ ಎಣ್ಣೆ ಸಣ್ಣ ಬಾಟ್ಲಿ ತಗೊಂಡ್ರೆ ಬಹಳ ದಿನ ಬರ್ತದೆ. ಒಂದೊಂದು ರೋಲರಿಗೆ ಒಂದೊಂದು ಹನಿ, ಸ್ವಲ್ಪ ಹೊತ್ತು ಬಿಟ್ಟು ಹೊರಗಿನದನ್ನ ಪೂರ್ತಿ ಒರೆಸ್ರಿ. ಎಣ್ಣೆ ಒಳಗೆ ಬೇಕು, ಹೊರಗಲ್ಲ. ಮಳೆಗಾಲದಲ್ಲಿ ಎರೆ ಮಣ್ಣಿನ ರಸ್ತೆಗೆ ಹೋಗಿ ಬಂದ್ರೆ ಅವತ್ತೇ ತೊಳೀರಿ, ಒಣಗಿದ ಮೇಲೆ ಅದು ಸಿಮೆಂಟು.

ಒರೆಸುವಾಗ ಒಂದು ಮಾತು, ದಯವಿಟ್ಟು. ಸ್ಟ್ಯಾಂಡಿನ ಮೇಲೆ ಗಾಲಿ ತಿರುಗಿಸ್ತಾ ಚೈನಿಗೆ ಬಟ್ಟೆ ಹಿಡಿಯೋ ಅಭ್ಯಾಸ ಎಲ್ಲರಿಗೂ ಇದೆ. ಫಿಕ್ಸೆಡ್ ಸೈಕಲಿನಲ್ಲಿ ಅದನ್ನ ಯಾವತ್ತೂ ಮಾಡಬೇಡ್ರಿ. ಬಟ್ಟೆ ಸಿಕ್ಕಿದ್ರೆ ಚೈನು ನಿಲ್ಲಲ್ಲ, ಗಾಲಿಯ ವೇಗ ಇರೋ ತನಕ ಎಳೆದುಕೊಂಡು ಹೋಗ್ತದೆ, ಬಟ್ಟೆಯ ಹಿಂದೆ ಬೆರಳೂ ಹೋಗ್ತದೆ. ಹೀಗೆ ಬೆರಳಿನ ತುದಿ ಕಳಕೊಂಡವರು ನಿಜಕ್ಕೂ ಇದ್ದಾರೆ. ಗಾಲಿ ನಿಲ್ಲಿಸಿ, ಒಂದು ಗೇಣು ಒರೆಸಿ, ಟೈರ್ ಹಿಡಿದು ಮುಂದೆ ತಿರುಗಿಸಿ, ಮತ್ತೆ ನಿಲ್ಲಿಸಿ. ಹುಡುಗಿಯರೇ, ವೇಲ್ ಬ್ಯಾಗಿನೊಳಗೆ. ಬಲಗಾಲಿನ ಪ್ಯಾಂಟಿಗೆ ರಬ್ಬರ್ ಬ್ಯಾಂಡ್. ಕ್ಲಾಸಿನಲ್ಲಿ ನನ್ನ ಕಾಲು ನೋಡಿ ನಗೋರಿಗೆಲ್ಲ ಇದೇ ಉತ್ತರ.

ಚೈನು ಯಾವಾಗ ಬದಲಿಸಬೇಕು? ಆರು ತಿಂಗಳಿಗೆ, ವರ್ಷಕ್ಕೆ ಅಂತ ಹೇಳೋರನ್ನ ನಂಬಬೇಡ್ರಿ. ಬಿಕಾಂ ಭಾಷೆಯಲ್ಲಿ ಹೇಳೋದಾದ್ರೆ ಚೈನಿಗೆ ಸ್ಟ್ರೈಟ್ ಲೈನ್ ಡಿಪ್ರಿಸಿಯೇಷನ್ ಹೊಂದಲ್ಲ. ಅದು ಸವೆಯೋದು ಕಿಲೋಮೀಟರಿನಿಂದ, ಧೂಳಿನಿಂದ, ನೀವು ಎಷ್ಟು ಜೋರಾಗಿ ತಡೀತೀರಿ ಅನ್ನೋದರಿಂದ. "ಚೈನು ಎಳೆದು ಉದ್ದ ಆಗ್ತದೆ" ಅಂತಾರಲ್ಲ, ನಿಜಕ್ಕೂ ಉಕ್ಕು ಉದ್ದ ಆಗಲ್ಲ. ಪ್ರತಿ ಪಿನ್ ತಿರುಗೋ ಜಾಗ ಕೂದಲೆಳೆಗಿಂತ ಕಡಿಮೆ ಸವೀತದೆ. ನನ್ನ ಚೈನಿನಲ್ಲಿ 96 ಪಿನ್. ಪೆಟ್ಟಿ ಕ್ಯಾಶಿನಲ್ಲಿ ದಿನಾ ಐದೈದು ರೂಪಾಯಿ ಹೋದಂಗೆ, ಕೂಡಿಸಿದಾಗಲೇ ಗೊತ್ತಾಗೋದು.

ಅಳೆಯೋಕೆ ಬಡಗಿಯ ಸ್ಟೀಲ್ ಟೇಪ್ ತಗೊಳ್ರಿ. ಕಂಪಾಸ್ ಬಾಕ್ಸಿನ ಸ್ಕೇಲ್ ಸಾಲಲ್ಲ. ಟೇಪಿನ ತುದಿಯ ಕೊಕ್ಕೆ ಅಲ್ಲಾಡ್ತದೆ, ಅದಕ್ಕೆ ಸೊನ್ನೆಯಿಂದ ಬೇಡ. ಚೈನು ಬಿಗಿ ಇರುವಾಗ ಒಂದು ಪಿನ್ನಿನ ನಡುವಿಗೆ 1 ಇಂಚಿನ ಗೆರೆ ಇಟ್ಟು, 13ರ ಗೆರೆ ಎಲ್ಲಿ ಬರ್ತದೆ ನೋಡ್ರಿ. ಹೊಸ ಚೈನಿನಲ್ಲಿ ಸರಿಯಾಗಿ ಇನ್ನೊಂದು ಪಿನ್ನಿನ ನಡುವೆ ಬರ್ತದೆ. ಪಿನ್ನು ಗೆರೆಯಿಂದ 1/16 ಇಂಚು, ಅಂದ್ರೆ ಒಂದೂವರೆ ಮಿ.ಮೀ. ಆಚೆ ಹೋಗಿದ್ರೆ ಚೈನಿನ ಕಾಲ ಮುಗೀತು. 1/8 ಇಂಚು ಆಚೆ ಹೋಗೋವರೆಗೂ ಓಡಿಸಿದ್ರೆ ಹಲ್ಲುಗಳೂ ಸವೆದಿರ್ತವೆ, ಆಮೇಲೆ ಹೊಸ ಚೈನು ಹಾಕಿದ್ರೂ ಹಳೇ ಹಲ್ಲಿನ ಮೇಲೆ ಸರಿಯಾಗಿ ಕೂರಲ್ಲ. ಚೈನು ರೆವಿನ್ಯೂ ಖರ್ಚು, ಚೈನ್‌ವೀಲ್ ಮತ್ತು ಕಾಗ್ ಕ್ಯಾಪಿಟಲ್. ಸಣ್ಣದನ್ನ ಬೇಗ ಬದಲಿಸಿದ್ರೆ ದೊಡ್ಡದು ಉಳೀತದೆ. ಅದಕ್ಕೇ ನನ್ನ ಮಟ್ಟಿಗೆ ಒಂದು ದುಬಾರಿ ಚೈನಿಗಿಂತ, ಸಾದಾ ಚೈನನ್ನ ಹೊತ್ತಿಗೆ ಸರಿಯಾಗಿ ಬದಲಿಸೋದೇ ಲಾಭ.

ಬ್ರೇಕ್ ತೆಗೀಬೇಕು ಅಂದ ಇಬ್ಬರಿಗೆ. ಕಾಕಾನ ಸೈಕಲಿನ ಫೋರ್ಕಿಗೆ ಬ್ರೇಕ್ ಹಾಕೋ ತೂತೇ ಇರಲಿಲ್ಲ. ಟ್ಯೂಷನ್ ಹೇಳಿ ಕೂಡಿಟ್ಟ ದುಡ್ಡಿನಲ್ಲಿ ಮೊದಲು ಮಾಡಿಸಿದ್ದು ಬೇರೆ ಫೋರ್ಕು, ಮುಂದಿನ ಬ್ರೇಕು. ಚೈನು ಆಮೇಲೆ. ಕಾಲಿನಿಂದ ತಡೆದ್ರೆ ನಿಲ್ಲೋದು ಹಿಂದಿನ ಗಾಲಿ ಮಾತ್ರ, ಭಾರವೆಲ್ಲ ಮುಂದೆ ಬೀಳುವಾಗ ಅದರ ಹಿಡಿತ ಕಡಿಮೆ. ಚೈನು ಹೋದ್ರೆ ಅದೂ ಇಲ್ಲ. ಟ್ರ್ಯಾಕಿನಲ್ಲಿ ಬ್ರೇಕ್ ಇರಲ್ಲವಲ್ಲ ಅಂತ ನಾನೂ ಕಾಕಾಗೆ ಕೇಳಿದ್ದೆ. "ಟ್ರ್ಯಾಕಿನ್ಯಾಗ ಎಲ್ಲಾರೂ ಒಂದ ಕಡೆ ಹೊಂಟಿರ್ತಾರ. ಅಲ್ಲಿ ಎಮ್ಮಿ ಅಡ್ಡ ಬರಂಗಿಲ್ಲವಾ" ಅಂದ್ರು.

ಜೂನಿನಿಂದ ಈ ಸೈಕಲ್ ನನ್ನ ತಮ್ಮನಿಗೆ. ಪಿಯುಸಿಗೆ ಇದರಲ್ಲೇ ಹೋಗ್ತಾನಂತೆ. ಅವ್ವನಿಗೆ ಮನಸ್ಸಿಲ್ಲ, ಕಾಕಾನ ಭುಜ ಆಕೆ ಕಣ್ಣಾರೆ ನೋಡಿದಾಕೆ. ಪ್ರತಿ ಭಾನುವಾರ ಆಕೆಯ ಎದುರಿಗೇ ಕೂತು ಅಳೀಬೇಕು, ಬಿಗಿ ತೋರಿಸಬೇಕು ಅನ್ನೋ ಷರತ್ತಿನ ಮೇಲೆ ಒಪ್ಪಿದ್ದಾಳೆ. ಮೊನ್ನೆ ಮೊದಲನೇ ಸಲ ಅಳೆದ. ಗೆರೆಯಿಂದ ಅರ್ಧ ಮಿ.ಮೀ. ಆಚೆ. ಅವ್ವ ಕನ್ನಡಕ ಹಾಕ್ಕೊಂಡು ತಾನೂ ಒಮ್ಮೆ ನೋಡಿ, "ಇನ್ನೊಂದ್ ಕಡೆ ಅಳಿ" ಅಂದಳು. ಮೂರು ಕಡೆ ಅಳೆಸಿದಳು.

ಚೈನು ಎಷ್ಟು ಉದ್ದ ಬೇಕು ಅಂತ ಗೊತ್ತಾಗದವರು ಮುಂದಿನ ಹಲ್ಲು, ಹಿಂದಿನ ಹಲ್ಲು, ಕ್ರ್ಯಾಂಕಿನ ನಡುವಿನಿಂದ ಹಿಂದಿನ ಗಾಲಿಯ ನಡುವಿಗೆ ಎಷ್ಟು ಇಂಚು ಅಂತ ಕಮೆಂಟಿನಲ್ಲಿ ಹಾಕ್ರಿ, ಲೆಕ್ಕ ಮಾಡಿ ಹೇಳ್ತೀನಿ. ನನ್ನದು 46, 17. ಮುಂದಿನ ಕಂತು ಟೈರು, ಇಂಟರ್ನಲ್ಸ್ ಮುಗಿದ ಮೇಲೆ.