ಬಂಬಲ್ ಯಾರದ್ದು?

ಪಾಠ ಹೇಳುವವರಿಗೆ ಕೆಲವು ಪದಗಳು ಕಾಟ ಕೊಡುತ್ತವೆ. ನನಗೆ ಹಾಗೆ ಕಾಟ ಕೊಡುವ ಒಂದು ಪದ ‘ಸಾರ್ವಜನಿಕ ಕಂಪೆನಿ’. ಪಬ್ಲಿಕ್ ಕಂಪೆನಿಗೆ ನಾವು ಮಾಡಿಕೊಂಡ ಕನ್ನಡ. ಸಾರ್ವಜನಿಕ ಗ್ರಂಥಾಲಯ, ಸಾರ್ವಜನಿಕ ಬಾವಿ, ಸಾರ್ವಜನಿಕ ಗಣೇಶೋತ್ಸವ... ಇವೆಲ್ಲ ಎಲ್ಲರದ್ದು. ಹಾಗಾದರೆ ಸಾರ್ವಜನಿಕ ಕಂಪೆನಿಯೂ ಎಲ್ಲರದ್ದೇ ಇರಬೇಕಲ್ಲ ಅಂತ ಮಕ್ಕಳು ಲೆಕ್ಕ ಹಾಕುತ್ತಾರೆ. ನಮ್ಮ ಕಾಸರಗೋಡಿನ ಮಕ್ಕಳಿಗಂತೂ ಇನ್ನೊಂದು ತೊಡಕು. ಮಲಯಾಳ ವಾರ್ತೆಯಲ್ಲಿ ‘ಪೊದುಮೇಖಲ’ ಅಂದರೆ ಸರಕಾರದ್ದು. ಪೊದು ಅಂದರೆ ಸಾರ್ವಜನಿಕ, ಸಾರ್ವಜನಿಕ ಅಂದರೆ ಸರಕಾರ, ಮುಗಿಯಿತು ಕತೆ!

ಈ ಗೊಂದಲ ಬಿಡಿಸಲಿಕ್ಕೆ ನನಗೆ ಸಿಕ್ಕಿದ ಅತ್ಯಂತ ಒಳ್ಳೆಯ ಉದಾಹರಣೆ ಕ್ಲಾಸಿನಲ್ಲಿ ಹೇಳಲಿಕ್ಕೆ ಸ್ವಲ್ಪ ಮುಜುಗರದ್ದು. ಒಂದು ಡೇಟಿಂಗ್ ಆ್ಯಪ್. ಹೆಸರು ಬಂಬಲ್. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

2021ರ ಫೆಬ್ರವರಿ 11ರಂದು ಅಮೆರಿಕದ ನಾಸ್ಡಾಕ್ ಷೇರುಪೇಟೆಗೆ ಬಂಬಲ್ ಬಂತು. ಆ ದಿನದ ಫೋಟೋ ನೀವೂ ನೋಡಿರಬಹುದು. ಕಂಪೆನಿ ಕಟ್ಟಿದ ವಿಟ್ನಿ ವುಲ್ಫ್ ಹರ್ಡ್ ಸೊಂಟದ ಮೇಲೆ ಎಳೆ ಮಗುವನ್ನು ಎತ್ತಿಕೊಂಡು ನಿಂತಿದ್ದರು. ವಯಸ್ಸು 31. ಅಮೆರಿಕದಲ್ಲಿ ಕಂಪೆನಿಯೊಂದನ್ನು ಷೇರುಪೇಟೆಗೆ ತಂದ ಹೆಂಗಸರಲ್ಲಿ ಎಲ್ಲರಿಗಿಂತ ಕಿರಿಯರು ಅಂತ ಪತ್ರಿಕೆಗಳು ಬರೆದವು. ಆ್ಯಪಿನ ಹೆಗ್ಗುರುತೂ ಅದಕ್ಕೆ ಹೊಂದುವಂತಿತ್ತು. ಗಂಡು ಹೆಣ್ಣು ಇಬ್ಬರಿಗೂ ಪರಸ್ಪರ ಇಷ್ಟವಾದರೆ ಮೊದಲ ಮಾತು ಹೆಣ್ಣೇ ಆಡಬೇಕು. ಅವಳು ಬರೆಯದೆ ಗಂಡಿಗೆ ಬಾಯಿಲ್ಲ. ಹೆಣ್ಣು ಕಟ್ಟಿದ ಕಂಪೆನಿ, ಹೆಣ್ಣಿನ ಕೈಯಲ್ಲಿ ಹಿಡಿತ ಅಂತ ಜಗತ್ತು ಓದಿಕೊಂಡಿತು. ಫೋಟೋದಲ್ಲಿ ಸುಳ್ಳೇನೂ ಇರಲಿಲ್ಲ ಮಾರಾಯ್ರೆ. ಆದರೆ ಆ ಫೋಟೋದಲ್ಲಿ ಇಲ್ಲದವರ ಕೈಯಲ್ಲಿ ಓಟುಗಳಿದ್ದವು.

ಹಿಂದಿನಿಂದ ಹೇಳುತ್ತೇನೆ. ವುಲ್ಫ್ ಹರ್ಡ್ ಮೊದಲು ಟಿಂಡರ್ ಕಂಪೆನಿಯಲ್ಲಿದ್ದರು. 2014ರಲ್ಲಿ ಅಲ್ಲಿಂದ ಹೊರಬಿದ್ದು ಲೈಂಗಿಕ ಕಿರುಕುಳ, ತಾರತಮ್ಯದ ದಾವೆ ಹೂಡಿದರು. ಅದು ಅದೇ ವರ್ಷ ರಾಜಿಯಲ್ಲಿ ಮುಗಿಯಿತು, ಎದುರು ಪಕ್ಷ ತಪ್ಪು ಒಪ್ಪಿಕೊಳ್ಳಲಿಲ್ಲ. ಆಗ ಅವರನ್ನು ಕರೆದದ್ದು ಲಂಡನ್ನಿನಲ್ಲಿದ್ದ ರಷ್ಯಾ ಮೂಲದ ಆಂಡ್ರೆ ಆಂಡ್ರೀವ್. ಬಾಡೂ ಎಂಬ ದೊಡ್ಡ ಡೇಟಿಂಗ್ ಜಾಲ ಅವರದ್ದು. 1 ಕೋಟಿ ಡಾಲರ್ ಹಾಕಿದರು, ತಂತ್ರಜ್ಞಾನ ಕೊಟ್ಟರು, ಆ ವರ್ಷದ ಕೊನೆಗೆ ಬಂಬಲ್ ಶುರುವಾಯಿತು. ಪಾಲು ಹೇಗೆ? ಆಂಡ್ರೀವ್‌ಗೆ ಶೇಕಡಾ 79, ವುಲ್ಫ್ ಹರ್ಡ್‌ಗೆ 20. ಅಂದರೆ ಹೆಣ್ಣು ಮೊದಲು ಮಾತಾಡುವ ಕಂಪೆನಿಯಲ್ಲಿ ಕೊನೆಯ ಮಾತು ಮೊದಲ ದಿನದಿಂದಲೇ ಬೇರೆಯವರದ್ದು.

2019ರ ಜುಲೈಯಲ್ಲಿ ಬಾಡೂದ ಲಂಡನ್ ಕಚೇರಿಯಲ್ಲಿ ಹೆಂಗಸರನ್ನು ನಡೆಸಿಕೊಂಡ ರೀತಿಯ ಬಗ್ಗೆ ಮಾಜಿ ನೌಕರರ ಆರೋಪಗಳನ್ನು ಫೋರ್ಬ್ಸ್ ಪ್ರಕಟಿಸಿತು (ಆರೋಪ, ತೀರ್ಪಲ್ಲ). ನಾಲ್ಕು ತಿಂಗಳು ಕಳೆಯುವಾಗ ಆಂಡ್ರೀವ್ ತನ್ನ ಪಾಲನ್ನೆಲ್ಲ ಮಾರಿ ಹೊರನಡೆದರು. ಕೊಂಡವರು ನ್ಯೂಯಾರ್ಕಿನ ಬ್ಲ್ಯಾಕ್‌ಸ್ಟೋನ್. ಬಾಡೂ, ಬಂಬಲ್ ಎಲ್ಲ ಸೇರಿದ ಗುಂಪಿಗೆ ಸುಮಾರು 300 ಕೋಟಿ ಡಾಲರ್ ಬೆಲೆ ಕಟ್ಟಿದರು. ವುಲ್ಫ್ ಹರ್ಡ್ ಇಡೀ ಗುಂಪಿನ ಮುಖ್ಯಸ್ಥೆಯಾದರು.

ಮುಂದಿನ ವರ್ಷವೇ ಷೇರುಪೇಟೆಯ ತಯಾರಿ. 5 ಕೋಟಿ ಷೇರು, ಒಂದಕ್ಕೆ 43 ಡಾಲರ್, ಒಟ್ಟು 215 ಕೋಟಿ ಡಾಲರ್. ಮೊದಲ ದಿನ ವ್ಯಾಪಾರ ಶುರುವಾದದ್ದೇ 76 ಡಾಲರಿಗೆ. ಸಾರ್ವಜನಿಕರು ಹಾಕಿದ ಈ ಹಣದಿಂದ ಕಂಪೆನಿ ಬೆಳೆಯುತ್ತದೆ ಅಂತ ಪಠ್ಯಪುಸ್ತಕದಲ್ಲಿ ನಾವು ಕಲಿಸುತ್ತೇವಲ್ಲ? ಇಲ್ಲಿ ಅದರ ಬಹುಪಾಲು ಹೋದದ್ದು ಮೊದಲಿದ್ದ ಪಾಲುದಾರರ, ಮುಖ್ಯವಾಗಿ ಬ್ಲ್ಯಾಕ್‌ಸ್ಟೋನ್‌ನ, ಪಾಲನ್ನು ಬಿಡಿಸಿಕೊಳ್ಳಲಿಕ್ಕೆ. ಕಾನೂನಿನ ಪ್ರಕಾರ ಎಲ್ಲ ಸರಿ, ಮೊದಲೇ ಕಾಗದದಲ್ಲಿ ಹೇಳಿದ್ದರು. ಆದರೆ ಆ ಕಾಗದ ಓದಿ ಷೇರು ಕೊಂಡವರು ಎಷ್ಟು ಜನವೋ...

ಈಗ ಓಟಿನ ವಿಷಯ. ನಮ್ಮೂರಿನವರಿಗೆ ಇದು ಬೇಗ ಅರ್ಥವಾಗಬೇಕು, ಯಾಕೆಂದರೆ ನಾವು ಸಹಕಾರಿ ಸಂಘಗಳ ನಡುವೆ ಬೆಳೆದವರು. 1973ರಲ್ಲಿ ಶುರುವಾದ ಕ್ಯಾಂಪ್ಕೊದಲ್ಲಿ ನೂರು ಮುಡಿ ಅಡಿಕೆ ಮಾರುವವನಿಗೂ ಒಂದೇ ಓಟು, ಗೋಣಿ ಅಡಿಕೆಯ ಸದಸ್ಯನಿಗೂ ಒಂದೇ ಓಟು. ತಲೆಗೊಂದು. ಕಂಪೆನಿಯಲ್ಲಿ ಹಾಗಲ್ಲ, ಷೇರಿಗೊಂದು. ಅದೂ ಸರಿ ಅನ್ನೋಣ, ಹೆಚ್ಚು ಹಣ ಹಾಕಿದವನಿಗೆ ಹೆಚ್ಚು ಮಾತು. ಬಂಬಲ್‌ನಲ್ಲಿ ಅದೂ ಅಲ್ಲ. ಬ್ಲ್ಯಾಕ್‌ಸ್ಟೋನ್ ಮತ್ತು ವುಲ್ಫ್ ಹರ್ಡ್ ಕೈಯಲ್ಲಿರುವ ಷೇರಿಗೆ ತಲಾ 10 ಓಟು, ಉಳಿದವರ ಷೇರಿಗೆ 1. ಷೇರು ಅದೇ, ಲಾಭಾಂಶ ಬಂದರೆ ಅದೂ ಸಮ. ಹಿಡಿದ ಕೈ ನೋಡಿ ಓಟು ಬದಲಾಗುತ್ತದೆ!

ಲೆಕ್ಕ ಮಾಡಿ ನೋಡಿ. ನೂರು ಷೇರಿನ ಕಂಪೆನಿ, 30 ಹತ್ತು ಓಟಿನವರದ್ದು, 70 ಊರವರದ್ದು. ಓಟು 300ಕ್ಕೆ 70. ಅವರ ಷೇರು ಬರೇ 10ಕ್ಕೆ ಇಳಿದರೂ 100 ಓಟು, ಉಳಿದ 90 ಷೇರಿನವರೆಲ್ಲ ಒಟ್ಟಾದರೂ 90. ಕಂಪೆನಿಯ ಹತ್ತರಲ್ಲಿ ಒಂಬತ್ತು ಪಾಲು ಮಾರಿದ ಮೇಲೂ ಗೆಲ್ಲಬಹುದು. 2021ರಲ್ಲಿ ಈ ಇಬ್ಬರ ಕೈಯಲ್ಲಿ ಒಟ್ಟು ಓಟಿನ ಶೇಕಡಾ 90ಕ್ಕೂ ಹೆಚ್ಚು ಇತ್ತು. ವುಲ್ಫ್ ಹರ್ಡ್ ಅವರ ಪಾಲು ಆಗ ಶೇಕಡಾ 11-12ರಷ್ಟು. ಅವರಿಗೂ ಹತ್ತು ಓಟಿನ ಬಲವಿದೆ ನಿಜ, ಆದರೆ ಪಕ್ಕದಲ್ಲಿ ಕೂತವರಿಗೆ ಅದೇ ಬಲ ಅವರಿಗಿಂತ ಎಷ್ಟೋ ಪಟ್ಟು. ಇಂಥ ಕಂಪೆನಿಗೆ ನಾಸ್ಡಾಕ್ ನಿಯಮದಲ್ಲಿ ‘ನಿಯಂತ್ರಿತ ಕಂಪೆನಿ’ ಅನ್ನುತ್ತಾರೆ. ನಿರ್ದೇಶಕ ಮಂಡಳಿಯಲ್ಲಿ ಸ್ವತಂತ್ರರ ಬಹುಮತ ಇರಬೇಕೆಂಬಂಥ ಕೆಲವು ಕಟ್ಟಳೆಗಳಿಂದ ಅದಕ್ಕೆ ವಿನಾಯಿತಿ ಉಂಟು.

ನಮ್ಮ ಹಿರಿಯರು ಇದನ್ನು ಬೇರೆ ಹೆಸರಿನಲ್ಲಿ ಕಂಡವರೇ. ಮೂಲಗೇಣಿ, ಚಾಲಗೇಣಿ. ಗದ್ದೆ ಒಂದೇ, ಅಕ್ಕಿ ಒಂದೇ. ಮೂಲಗೇಣಿಯವನನ್ನು ಏಳಿಸಲಾಗದು, ಚಾಲಗೇಣಿಯವನು ಒಡೆಯ ಹೇಳಿದಷ್ಟು ದಿನ. 1970ರಲ್ಲಿ ಕೇರಳದ ಕಾಯ್ದೆ ಗೇಣಿಯನ್ನೇ ತೆಗೆದ ಮೇಲೆ ಈ ಪದಗಳು ಮಕ್ಕಳಿಗೆ ಗೊತ್ತಿಲ್ಲ. ಷೇರುಪೇಟೆಯಲ್ಲಿ ಮಾತ್ರ ಚಾಲಗೇಣಿ ಜೋರಾಗಿಯೇ ನಡೆದಿದೆ.

ಸರಿ, ಬ್ಲ್ಯಾಕ್‌ಸ್ಟೋನ್ ಯಾರದ್ದು? 1985ರಲ್ಲಿ ಸ್ಟೀಫನ್ ಶ್ವಾರ್ಜ್‌ಮನ್, ಪೀಟರ್ ಪೀಟರ್ಸನ್ ಶುರು ಮಾಡಿದ್ದು. ಶ್ವಾರ್ಜ್ ಅಂದರೆ ಜರ್ಮನ್ನಿನಲ್ಲಿ ಕಪ್ಪು, ಪೀಟರ್ ಅಂದರೆ ಗ್ರೀಕಿನಲ್ಲಿ ಕಲ್ಲು, ಕಪ್ಪುಕಲ್ಲು! ಬ್ಲ್ಯಾಕ್‌ಸ್ಟೋನ್ ಕೂಡ ಷೇರುಪೇಟೆಯಲ್ಲಿರುವ ಕಂಪೆನಿಯೇ. ಆದರೆ ಬಂಬಲ್‌ನ ಅಧಿಕೃತ ಕಾಗದಗಳಲ್ಲಿ ಪಾಲುದಾರರ ಪಟ್ಟಿಯ ಕೆಳಗಿನ ಸಣ್ಣಕ್ಷರದ ಟಿಪ್ಪಣಿ ಓದಬೇಕು. ಈ ನಿಧಿಯನ್ನು ಆ ಸಂಸ್ಥೆ, ಆ ಸಂಸ್ಥೆಯನ್ನು ಇನ್ನೊಂದು ಅಂತ ಮೆಟ್ಟಿಲು ಹತ್ತಿ ಹತ್ತಿ ಕೊನೆಗೆ ಹಿರಿಯ ಅಧಿಕಾರಿಗಳ ಒಡೆತನದ ಒಂದು ಸಂಸ್ಥೆ, ಅದರ ಹಿಡಿತ ಸ್ಥಾಪಕ ಶ್ವಾರ್ಜ್‌ಮನ್ ಕೈಯಲ್ಲಿ. ಹುಟ್ಟಿದ್ದು 1947ರಲ್ಲಿ. ಹುಡುಗಿಯರು ಮೊದಲು ‘ಹಾಯ್’ ಅನ್ನುವ ಆ್ಯಪಿನ ಬೇರು ಅಲ್ಲಿಗೆ ಹೋಗಿ ನಿಲ್ಲುತ್ತದೆ.

ಮತ್ತೆ ಹಣ? ಅದು ಶ್ವಾರ್ಜ್‌ಮನ್ ಅವರ ಜೇಬಿನದ್ದಲ್ಲ. ಇಂಥ ನಿಧಿಗಳಿಗೆ ಹಣ ಕೊಡುವ ದೊಡ್ಡ ಗಿರಾಕಿಗಳಲ್ಲಿ ಅಮೆರಿಕದ ರಾಜ್ಯಗಳ ನೌಕರರ, ಅಧ್ಯಾಪಕರ ಪಿಂಚಣಿ ನಿಧಿಗಳೂ ಇವೆ. ಹೌದು, ಮೇಷ್ಟ್ರುಗಳ ಹಣ! ಕೇರಳದಲ್ಲೂ 2013ರ ಏಪ್ರಿಲ್ ನಂತರ ಕೆಲಸಕ್ಕೆ ಸೇರಿದವರ ಪಿಂಚಣಿ ಕಂತು ಪೇಟೆಗೆ ಹೋಗುತ್ತದೆ. ಯಾವ ಕಂಪೆನಿಯಲ್ಲಿ ನಮ್ಮ ಎಷ್ಟು ಅಂಶವಿದೆ ಅಂತ ನಮ್ಮ ಸ್ಟಾಫ್‌ರೂಮಿನಲ್ಲಿ ಯಾರೂ ಕೇಳಿದ್ದಿಲ್ಲ. ಕೇಳಿದರೂ ಓಟು ನಮ್ಮದಲ್ಲ.

ಷೇರು ಕೊಂಡ ಸಾಮಾನ್ಯರ ಗತಿ ಏನಾಯಿತು ಅಂದರೆ ಕೇಳಿ. 2021ರ ಸೆಪ್ಟೆಂಬರಿನಲ್ಲಿ ಬ್ಲ್ಯಾಕ್‌ಸ್ಟೋನ್ ಒಂದಷ್ಟು ಷೇರನ್ನು 54 ಡಾಲರಿಗೆ ಮಾರಿತು. 2023ರ ಮಾರ್ಚಿನಲ್ಲಿ ಅವರೂ ವುಲ್ಫ್ ಹರ್ಡ್ ಅವರೂ 22.80ಕ್ಕೆ ಮಾರಿದರು. 2024ರ ಜನವರಿಯಲ್ಲಿ ವುಲ್ಫ್ ಹರ್ಡ್ ಮುಖ್ಯಸ್ಥೆಯ ಕುರ್ಚಿ ಬಿಟ್ಟರು, ಲಿಡಿಯಾನ್ ಜೋನ್ಸ್ ಬಂದರು. ಫೆಬ್ರವರಿಯಲ್ಲಿ ಸುಮಾರು 350 ಜನರ ಕೆಲಸ ಹೋಯಿತು. ಏಪ್ರಿಲ್ ಕೊನೆಗೆ ಮೊದಲ ಮಾತಿನ ನಿಯಮವನ್ನೇ ಸಡಿಲಿಸಿದರು. ಹೆಣ್ಣು ಒಂದು ಪ್ರಶ್ನೆ ಹಾಕಿಟ್ಟರೆ ಸಾಕು, ಜೋಡಿಯಾದ ಗಂಡು ಅದಕ್ಕೆ ಉತ್ತರ ಬರೆದು ಮಾತು ಶುರು ಮಾಡಬಹುದು. ಆಗಸ್ಟಿನಲ್ಲಿ ಒಂದೇ ದಿನ ಷೇರು ಕಾಲುಭಾಗಕ್ಕಿಂತ ಹೆಚ್ಚು ಬಿದ್ದು 6 ಡಾಲರಿನ ಆಸುಪಾಸಿಗೆ ಬಂತು. 2025ರ ಮಾರ್ಚಿನಲ್ಲಿ ವುಲ್ಫ್ ಹರ್ಡ್ ಮರಳಿ ಬಂದರು, ಜೂನಿನಲ್ಲಿ ಮತ್ತೆ ಸುಮಾರು 240 ಜನರ ಕೆಲಸ ಹೋಯಿತು. ಅದೇ ವರ್ಷ, ತೆರಿಗೆ ಉಳಿತಾಯದ ಶೇಕಡಾ 85ನ್ನು ಹಳೆಯ ಪಾಲುದಾರರಿಗೆ ಕೊಡಬೇಕೆಂಬ 2021ರ ಒಪ್ಪಂದವನ್ನು ಮುಗಿಸಲಿಕ್ಕೆ ಕಂಪೆನಿ 40 ಕೋಟಿ ಡಾಲರಿಗೂ ಮಿಕ್ಕಿ ಕೊಡಲು ಒಪ್ಪಿತು. ಹಳೆಯ ಪಾಲುದಾರರು ಯಾರು ಅಂತ ಪುನಃ ಹೇಳಬೇಕಾಗಿಲ್ಲವಷ್ಟೆ.

ನಿಯಮ ಸಡಿಲಿಸಿದ್ದು ಬ್ಲ್ಯಾಕ್‌ಸ್ಟೋನ್ ಹೇಳಿದ್ದಕ್ಕೆ ಅಂತ ನಾನು ಹೇಳುತ್ತಿಲ್ಲ. ಪದೇ ಪದೇ ಮೊದಲ ಸಾಲು ಬರೆದು ಸುಸ್ತಾದೆವು ಅಂತ ಹೆಂಗಸರೇ ಹೇಳಿದ್ದರಂತೆ, ಕಂಪೆನಿಯ ಮಾತು. ಇರಬಹುದು. ಆದರೆ ಆ ನಿಯಮವನ್ನು ನಂಬಿ ತಮ್ಮ ಫೋಟೋ, ಊರು, ಇಷ್ಟಾನಿಷ್ಟ ಎಲ್ಲ ಅಲ್ಲಿ ಕೊಟ್ಟ ಹೆಂಗಸರಿಗೆ ಅದು ಉಳಿಯಬೇಕೋ ಬೇಡವೋ ಅಂತ ಓಟು ಹಾಕುವ ದಾರಿ ಇರಲಿಲ್ಲ. 76 ಡಾಲರ್ ಕೊಟ್ಟು ಷೇರು ಕೊಂಡವರಿಗೆ ದಾರಿ ಇತ್ತು, ಓಟಿಗೆ ತೂಕ ಇರಲಿಲ್ಲ.

ಅಂದ ಹಾಗೆ, ಬಂಬಲ್ ಭಾರತಕ್ಕೆ ಬಂದದ್ದು 2018ರ ಡಿಸೆಂಬರಿನಲ್ಲಿ, ಪ್ರಿಯಾಂಕಾ ಚೋಪ್ರಾ ಜೊತೆಗೂಡಿ. ಇಲ್ಲಿನ ಹುಡುಗಿಯರಿಗೆ ಪೂರ್ತಿ ಹೆಸರಿನ ಬದಲು ಮೊದಲ ಅಕ್ಷರ ಮಾತ್ರ ತೋರಿಸುವ ಸೌಕರ್ಯ ಮಾಡಿದರು. ನನಗೆ ಮೆಚ್ಚಿಗೆಯಾದ ಕೆಲಸ ಅದು. ಊರಲ್ಲಿ ಒಂದು ಹೆಸರು ಹೊರಗೆ ಬಿದ್ದರೆ ಏನಾಗುತ್ತದೆ ಅಂತ ತಿಳಿದವರು ಯಾರೋ ಒಳಗಿದ್ದರು.

ನಮ್ಮಲ್ಲೂ ಹತ್ತು ಓಟಿನ ಷೇರು ಸಾಧ್ಯವಿದೆ, 2019ರಿಂದ. ಆದರೆ ಸೆಬಿ ಇಟ್ಟ ಷರತ್ತು ಬೇರೆ. ತಂತ್ರಜ್ಞಾನ ಕಂಪೆನಿ ಆಗಿರಬೇಕು, ಅಂಥ ಷೇರು ಕಂಪೆನಿಯೊಳಗೆ ಕೆಲಸ ಮಾಡುತ್ತಿರುವ ಸ್ಥಾಪಕರ ಕೈಯಲ್ಲೇ ಇರಬೇಕು, ಐದು ವರ್ಷಕ್ಕೆ ಮುಗಿಯಬೇಕು, ಪಾಲುದಾರರು ಒಪ್ಪಿದರೆ ಇನ್ನೈದು. ಹೊರಗಿನಿಂದ ಹಣ ಹಾಕಿದ ನಿಧಿಗೆ ಹತ್ತು ಓಟಿಲ್ಲ. ಅಂದರೆ ಬಂಬಲ್ ಇಲ್ಲಿ ಹುಟ್ಟಿದ್ದರೆ ಆ ಬಲ ವುಲ್ಫ್ ಹರ್ಡ್‌ಗೆ ಸಿಗಬಹುದಿತ್ತು, ಬ್ಲ್ಯಾಕ್‌ಸ್ಟೋನ್‌ಗೆ ಅಲ್ಲ. ನಮ್ಮ ಕನ್ನಡ ಮ್ಯಾಟ್ರಿಮನಿ ಇದೆಯಲ್ಲ, ಅದರ ಚೆನ್ನೈಯ ಮೂಲ ಕಂಪೆನಿ 2017ರಲ್ಲಿ ಷೇರಿಗೆ 985 ರೂಪಾಯಿಯಂತೆ ಪೇಟೆಗೆ ಬಂತು. ಸ್ಥಾಪಕ ಮುರುಗವೇಲ್ ಜಾನಕಿರಾಮನ್ ಅವರ ಹಿಡಿತ ನಿಂತಿರುವುದು ಅರ್ಧದಷ್ಟು ಷೇರು ತಾವೇ ಇಟ್ಟುಕೊಂಡದ್ದರಿಂದ. ಓಟಿನ ಗುಣಾಕಾರದಿಂದಲ್ಲ.

ಬಂಬಲ್‌ನ ಹತ್ತು ಓಟಿಗೂ ಒಂದು ಕೊನೆ ಬರೆದಿದ್ದಾರೆ, ಪೇಟೆಗೆ ಬಂದ ಏಳು ವರ್ಷಕ್ಕೆ. ಅಂದರೆ 2028ರ ಫೆಬ್ರವರಿ. ಅಲ್ಲಿಂದ ಮುಂದೆ ಅವರ ಷೇರಿಗೂ ಒಂದೇ ಓಟು. ಈಗ ಎಂಟನೇ ಕ್ಲಾಸಿನಲ್ಲಿ ‘ಸಾರ್ವಜನಿಕ ಅಂದರೆ ಎಲ್ಲರದ್ದಲ್ಲವಾ ಮಾಷೆ?’ ಅಂತ ಕೇಳುವ ಮಕ್ಕಳು ಆಗ ಹತ್ತನೆಯ ಆಸುಪಾಸಿನಲ್ಲಿರುತ್ತಾರೆ.