ಕಮಾನು ಮೊದಲೋ ನೆಲ ಮೊದಲೋ

ಬೀದರ ನಗರದ ನಮ್ಮ ಓಣಿಯ ಸಮುದಾಯ ಭವನಕ್ಕೆ ಒಡೆಯರು ಹಲವರು. ಒಂದು ದಿನ ಮದುವೆ, ಒಂದು ದಿನ ಸಭೆ. ಬಿಡುವಿದ್ದ ಸಂಜೆ ಭರತನಾಟ್ಯದ ಪಾಠ. ಪಾಠ ಹೇಳುವ ಸಂಸ್ಥೆಗೆ ಲಾಭದ ಹಂಬಲವಿಲ್ಲ. ಭಾಲ್ಕಿಯಿಂದ ರೈಲಿನಲ್ಲಿ, ಔರಾದಿನಿಂದ ಬಸ್ಸಿನಲ್ಲಿ ಬರುವ ಮಕ್ಕಳಿಂದ ಅದು ಕಾಸು ಕೇಳದು. ಭವನದ ದುರಸ್ತಿಗೆಂದು ಚಂದಾ ಎತ್ತಿದಾಗ ಹಿರಿಯರೊಬ್ಬರು, “ಮೊದಲ ಕಮಾನ ಕಟ್ಟಸ್ರಿ, ಮ್ಯಾಲ ದಾನಿಗಳ ಹೆಸರ ಬರಸ್ರಿ” ಎಂದರು. ನಾನು ನೆಲದ ಪಕ್ಷ ಹಿಡಿದೆ.

ಭರತನಾಟ್ಯದವರು ಅರಮಂಡಿಯಲ್ಲಿ ನಿಂತು ಬರಿಗಾಲಿನಿಂದ ತಟ್ಟುತ್ತಾರೆ. ಕಾಂಕ್ರೀಟಿನ ಮೇಲೆ ಕೂರಿಸಿದ ಶಹಾಬಾದಿ ಫರಸಿ ಆ ಪೆಟ್ಟನ್ನು ನುಂಗುವುದಿಲ್ಲ. ಕಣಕಾಲಿಗೂ ಮೊಣಕಾಲಿಗೂ ಹಿಂತಿರುಗಿಸುತ್ತದೆ. ಕೆಳಗೆ ಮರದ ಪಟ್ಟಿ ಕೊಟ್ಟು ಮೇಲೆ ಹಲಗೆ ಹಾಸಿದರೆ ನೆಲ ತುಸು ಬಾಗುತ್ತದೆ. ಆದರೆ ಮದುವೆಯೂಟದ ಸಾರು, ಎಣ್ಣೆ, ನೀರು ಇವಕ್ಕೆ ಹಲಗೆ ತಾಳೀತೇ? ಜಗಳ ಬಿಡಿಸಿದವನು ಬಡಗಿ. ಮಂಚದಂತೆ ಬಿಡಿಬಿಡಿಯಾಗಿ ಮಾಡಿ, ಊಟದ ದಿನ ಗೋಡೆಗೆ ಆನಿಸಿಡಿರೆಂದ. ಇಷ್ಟು ಬುದ್ಧಿ ನಮ್ಮ ಕಮಿಟಿಯಲ್ಲಿ ಯಾರಿಗೂ ಹೊಳೆದಿರಲಿಲ್ಲ!

ಹೆಸರಿನ ಮಾತಿಗೆ ಭಾಲ್ಕಿಯ ಹಿರೇಮಠವೇ ಉತ್ತರ. 1948ಕ್ಕೆ ಮುಂಚೆ, ನಿಜಾಮರ ಆಳ್ವಿಕೆಯಲ್ಲಿ, ಹೊರಗೆ ಉರ್ದು ಫಲಕ ತೂಗಿಸಿ ಒಳಗೆ ಕನ್ನಡ ಕಲಿಸಿದರು ಚನ್ನಬಸವ ಪಟ್ಟದ್ದೇವರು. ಬಾಗಿಲ ಮೇಲೇನಿತ್ತೆಂದು ಅಲ್ಲಿ ಕಲಿತವರು ತಲೆ ಕೆಡಿಸಿಕೊಂಡಿರಲಾರರು. ಈಗ ಬೀದರದ ರಂಗಮಂದಿರಕ್ಕೇ ಅವರ ಹೆಸರಿದೆ. ವರ್ಷಕ್ಕೊಮ್ಮೆ ಕುಣಿಯಲು ಅದು ಸರಿ. ದಿನದಿನ ತಪ್ಪಿ, ತಿದ್ದಿಕೊಂಡು ಕುಣಿಯಲು ಓಣಿಯ ಭವನವೇ ಬೇಕು.

ಹಲಗೆ ಅರ್ಧ ಬಂದಿದೆ. ಸದ್ಯಕ್ಕೆ ಚಿಕ್ಕ ಮಕ್ಕಳು ಅದರ ಮೇಲೆ, ದೊಡ್ಡವರು ಫರಸಿಯ ಮೇಲೆ. ಕಮಾನಿಗೆಂದು ಎತ್ತಿಟ್ಟ ಹಣವನ್ನು ಹಿರಿಯರು ಇನ್ನೂ ಬಿಚ್ಚಿಲ್ಲ.