ಅಮೀರ್‌ಪೇಟೆಯ ಗಲ್ಲಾಪೆಟ್ಟಿಗೆ

ಹೈದರಾಬಾದಿನ ಅಮೀರ್‌ಪೇಟೆಯಲ್ಲಿ, ಮೈತ್ರಿವನಂ ಕಟ್ಟಡದ ಸುತ್ತಮುತ್ತ, ಒಂದು ಕಾಲಕ್ಕೆ ಗೋಡೆಯೇ ಕಾಣುತ್ತಿರಲಿಲ್ಲ. ಜಾವಾ, ಡಾಟ್‌ನೆಟ್, ಒರಾಕಲ್, ಟೆಸ್ಟಿಂಗ್ ಟೂಲ್ಸ್ ಎಂಬ ಬೋರ್ಡುಗಳು ಒಂದರ ಮೇಲೊಂದು. 1998ರಲ್ಲಿ ಮಾದಾಪುರದಲ್ಲಿ ಸೈಬರ್ ಟವರ್ಸ್ ಎಂಬ ಐಟಿ ಕಟ್ಟಡ ಎದ್ದ ಮೇಲೆ ಕೋಚಿಂಗ್ ದಂಧೆ ಅಮೀರ್‌ಪೇಟೆಯಲ್ಲಿ ಜೋರಾಗಿ ಬೆಳೆಯಿತು. ಬೀದರ್, ಕಲಬುರಗಿ, ರಾಯಚೂರಿನ ಹುಡುಗರೂ ಬರುತ್ತಿದ್ದರು. 1956ರ ತನಕ ಹೈದರಾಬಾದ್ ರಾಜ್ಯದಲ್ಲಿದ್ದ ಜಿಲ್ಲೆಗಳಿವು. ಕೋರ್ಟು, ಕಾಲೇಜು, ದವಾಖಾನೆ ಯಾವುದಕ್ಕೇ ಆಗಲಿ, ನಮ್ಮ ಹಿರಿಯರು ಹೊರಡುತ್ತಿದ್ದದ್ದು ಈ ಊರಿಗೇ.

ಬೀದರ್ ಕಡೆಯವನಾದ ನಾನು ಅಲ್ಲಿ ಸಣ್ಣ ವ್ಯಾಪಾರಸ್ಥರಿಗೆ ಲೆಕ್ಕ ಬರೆದುಕೊಡುತ್ತಿದ್ದೆ. ಒಂದು ಹಾಸ್ಟೆಲ್, ಒಂದು ಝೆರಾಕ್ಸ್ ಅಂಗಡಿ, ಒಂದು ಕೋಚಿಂಗ್ ಸೆಂಟರ್, ಕುಂದಾಪುರ ಕಡೆಯ ಭಟ್ಟರ ಟಿಫಿನ್ ಹೋಟೆಲು. ನಾಲ್ಕೂ ಬೇರೆ ಬೇರೆ ದಂಧೆಯೆಂದು ಅವರವರು ತಿಳಿದಿದ್ದರು. ಖಾತೆ ಪುಸ್ತಕ ಪಕ್ಕಪಕ್ಕಕ್ಕಿಟ್ಟರೆ ಗೊತ್ತಾಗುತ್ತಿತ್ತು: ಎಲ್ಲರೂ ಬದುಕಿದ್ದು ಕೆಲಸ ಹುಡುಕುವ ಅದೇ ಹುಡುಗನ ಜೇಬಿನ ಮೇಲೆ.

2008ರ ಸೆಪ್ಟೆಂಬರ್ 15ರಂದು ಅಮೆರಿಕದಲ್ಲಿ ಲೇಮನ್ ಬ್ರದರ್ಸ್ ಬ್ಯಾಂಕ್ ಮುಳುಗಿತು. ಕೈಯಲ್ಲಿ ಆಫರ್ ಲೆಟರ್ ಇದ್ದ ಹುಡುಗರಿಗೂ ಕೆಲಸಕ್ಕೆ ಸೇರುವ ತಾರೀಖು ಮುಂದೆ ಹೋಗತೊಡಗಿತು. 2009ರ ಜನವರಿ 7ರಂದು ಹೈದರಾಬಾದಿನ ಸರದಿ. ಇಲ್ಲಿನ ಐಟಿ ಕಂಪನಿ ಸತ್ಯಂನ ಅಧ್ಯಕ್ಷ ರಾಮಲಿಂಗ ರಾಜು ಬರೆದ ತಪ್ಪೊಪ್ಪಿಗೆ ಪತ್ರ ಹೊರಬಿತ್ತು. ನಗದು, ಬ್ಯಾಂಕ್ ಶಿಲ್ಕು ಎಂದು ಪುಸ್ತಕದಲ್ಲಿ ತೋರಿಸಿದ್ದರಲ್ಲಿ 5,040 ಕೋಟಿ ರೂಪಾಯಿ ಇರಲೇ ಇಲ್ಲ. ಐವತ್ತು ಸಾವಿರಕ್ಕೂ ಹೆಚ್ಚು ನೌಕರರಿದ್ದ ಕಂಪನಿ ಅದು.

ಆ ವಾರ ಭಟ್ಟರು ಗಲ್ಲಾದಲ್ಲಿ ಕೂತು ಕೇಳಿದರು: "ನಮ್ಮ ಪುಸ್ತಕದಲ್ಲಿರುವುದಾದರೂ ಗಲ್ಲಾದಲ್ಲಿ ಉಂಟಾ ಮಾರಾಯ್ರೆ?"

ಇರಲಿಲ್ಲ. ನಾನು ಲಾಭವೆಂದು ತೋರಿಸಿದ್ದರ ದೊಡ್ಡ ಪಾಲು ಮೆಸ್ಸಿನ ಉದ್ರಿ. ಆ ಹುಡುಗರಲ್ಲಿ ಅರ್ಧ ಮಂದಿ ಆಗಲೇ ಊರು ಸೇರಿದ್ದರು. ರಾತ್ರಿ ಶಟರ್ ಎಳೆದು ಇಬ್ಬರೂ ಕೂತು ಬಾರದ ಬಾಕಿಗೆಲ್ಲ ಗೀಟು ಹೊಡೆದೆವು. ಆಮೇಲೆ ಬಾಡಿಗೆ, ಪಗಾರ, ಸಾಲದ ಕಂತು ಕೂಡಿಸಿ ದಿನದ ಖರ್ಚು ತೆಗೆದೆವು. ಅಕ್ಕಿ, ಉದ್ದು, ಗ್ಯಾಸು ಕಳೆದು ಪ್ಲೇಟು ಇಡ್ಲಿಗೆ ಉಳಿಯುವುದೆಷ್ಟು, ಬರೀ ಖರ್ಚು ಹುಟ್ಟಬೇಕಾದರೆ ಎಷ್ಟು ಪ್ಲೇಟು ಹೋಗಬೇಕು? ಅಷ್ಟು ಪ್ಲೇಟು ಹೋಗುತ್ತಿರಲಿಲ್ಲ.

ಇಡ್ಲಿ ಸಣ್ಣದು ಮಾಡೋಣವೇ ಎಂದು ನಾನೇ ಕೇಳಿದೆ. ಭಟ್ಟರು ಒಪ್ಪಲಿಲ್ಲ. ಕಾಸಿಲ್ಲದವನು ತುತ್ತು ಎಣಿಸಿಯೇ ತಿನ್ನುತ್ತಾನೆ, ಇವತ್ತು ಮೋಸವಾದರೆ ನಾಳೆ ಬರುವುದಿಲ್ಲ ಎಂಬುದು ಅವರ ಮಾತು. ಮಹಡಿಯ ಹಾಲ್ ಅನ್ನು ಕರಾರು ಮುಗಿಯುವ ಮೊದಲೇ ಮಾಲೀಕರಿಗೆ ಬಿಟ್ಟುಕೊಟ್ಟರು. ಫ್ರೈಡ್ ರೈಸ್, ನೂಡಲ್ಸ್ ಬೋರ್ಡಿನಿಂದ ಹೋದವು. ತಿಂಗಳ ಮೆಸ್ ಉದ್ರಿ ನಿಂತು, ರೊಕ್ಕ ಕೊಟ್ಟು ಕೊಳ್ಳುವ ಹತ್ತು ಊಟದ ಕೂಪನ್ ಬಂತು. ಅಡುಗೆಯವರನ್ನು ಮಾತ್ರ ಬಿಡಿಸಲಿಲ್ಲ.

ಇನ್ನೊಂದು ಸಂಗತಿ ಅವರ ಕಣ್ಣಿಗೆ ಬಿದ್ದಿತ್ತು. ಹುಡುಗರು ರೂಮಿನಲ್ಲೇ ಕುಕ್ಕರಿಟ್ಟು ಅನ್ನ ಮಾಡಿಕೊಳ್ಳುತ್ತಿದ್ದರು. ಸಾರು, ಪಲ್ಯಕ್ಕೆ ಬೇಸರ. ಹೈದರಾಬಾದಿನ ಗಲ್ಲಿಗಲ್ಲಿಯಲ್ಲೂ ಇರುವ ಕರಿ ಪಾಯಿಂಟನ್ನು ಭಟ್ಟರು ಹೋಟೆಲಿನ ಮುಂಭಾಗದಲ್ಲೇ ಇಟ್ಟರು. ಪಪ್ಪು, ಬದನೆಕಾಯಿ ಪಲ್ಯ, ಸಾಂಬಾರು, ಎಲ್ಲ ಸಣ್ಣ ಪ್ಲಾಸ್ಟಿಕ್ ಕವರಿನಲ್ಲಿ ಗಂಟು ಹಾಕಿ, ಕೈಗೆ ಕೈ ರೊಕ್ಕ. ಕುರ್ಚಿ ಬೇಡ, ಎಲೆ ಬೇಡ, ಸಪ್ಲೈಯರ್ ಬೇಡ. ಸಂಜೆ ಏಳರಿಂದ ಒಂಬತ್ತರ ಆ ವ್ಯಾಪಾರವೇ ಬಾಡಿಗೆ ಕಟ್ಟಿತು.

ಹತ್ತಿರದ ಕೋಚಿಂಗ್ ಸೆಂಟರಿನವರು ಅದೇ ವರ್ಷ ಫೀಸು ಅರ್ಧಕ್ಕಿಳಿಸಿ, ಕೈಸಾಲ ಮಾಡಿ ಇನ್ನೊಂದು ಮಹಡಿ ಹಿಡಿದರು. ಕಾಲ ತಿರುಗಿದಾಗ ಎಲ್ಲರಿಗಿಂತ ಮುಂದಿರುವ ಆಸೆ. ಕಾಲ ತಿರುಗಿತು ಕೂಡ. ಆದರೆ ಬಡ್ಡಿಗೆ ಅಷ್ಟು ದಿನ ಕಾಯುವ ತಾಳ್ಮೆ ಇರಲಿಲ್ಲ, ಸೆಂಟರ್ ಮುಚ್ಚಿತು.

2020ರ ಮಾರ್ಚ್ 25ರಿಂದ ಕೋವಿಡ್‌ನಿಂದಾಗಿ ದೇಶಕ್ಕೇ ಬೀಗ ಬಿದ್ದಾಗ ಪೇಟೆಯವರು 2009ರ ಪಾಠವನ್ನೇ ಮತ್ತೆ ಓದಿದರು: ಕಾಯೋಣ, ಹುಡುಗರು ಬರುತ್ತಾರೆ. ಆಗಸ್ಟ್ ಕೊನೆಯ ತನಕ ಕಂತು ಕಟ್ಟದಿರಲು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿತ್ತು. ಬಡ್ಡಿ ಮಾತ್ರ ಓಡುತ್ತಲೇ ಇತ್ತು. ಆ ಅವಕಾಶವನ್ನು ಮಾಫಿಯೆಂದು ತಿಳಿದವರು ಸೆಪ್ಟೆಂಬರಿನಲ್ಲಿ ಪಾಸ್‌ಬುಕ್ ನೋಡಿ ಕಂಗಾಲಾದರು. ಅಷ್ಟರಲ್ಲಿ ಕೋಚಿಂಗ್ ಪಾಠ ಮೊಬೈಲಿಗೆ ಬಂದಿತ್ತು. ಬೀದರಿನ ಹುಡುಗ ಬೀದರಿನಲ್ಲೇ ಕೂತು ಕಲಿಯುತ್ತಿದ್ದ. ಹಾಸ್ಟೆಲಿನ ಮಂಚಗಳು ಗುಜರಿಗೆ ಹೋದವು.

ಭಟ್ಟರು ಈ ಸಲ ಕಾಯಲಿಲ್ಲ. ಸಾಲದ ಕಂತನ್ನು ಕೂಡಿಟ್ಟ ದುಡ್ಡಿನಿಂದ ಕಟ್ಟುತ್ತ ಬಂದರು. ನಿರ್ಬಂಧ ಸಡಿಲಾದೊಡನೆ ಹಳೆಯ ಹೋಟೆಲನ್ನೇ ಬಿಟ್ಟರು. ಅಮೀರ್‌ಪೇಟೆ ಆ ಹೊತ್ತಿಗೆ ಎರಡು ಮೆಟ್ರೊ ದಾರಿ ಕೂಡುವ ನಿಲ್ದಾಣವಾಗಿತ್ತು. ಅದರ ಹತ್ತಿರ ನಿಂತು ತಿನ್ನುವ ಸಣ್ಣ ಕೌಂಟರ್ ಹಿಡಿದರು. ಗಿರಾಕಿಗಳು ಈಗ ಆಫೀಸಿಗೆ ಓಡುವವರು, ಸೀರೆ ಅಂಗಡಿಗೆ ಬಂದವರು. ಚಟ್ನಿ ಮಾತ್ರ ಮೊದಲಿನಂತೆ ಶೇಂಗಾದ್ದು.

ಎರಡೂ ಸಲ ಗಲ್ಲಾ ಬರಿದಾದದ್ದು ಒಂದೇ ಥರ, ಕಾರಣ ಬೇರೆ. 2009ರಲ್ಲಿ ಗಿರಾಕಿಯ ಜೇಬು ಖಾಲಿಯಾಗಿತ್ತು. ಅವನು ಮತ್ತೆ ಬರುವ ತನಕ ಖರ್ಚು ಇಳಿಸಿ ಬದುಕಿಕೊಂಡರೆ ಸಾಕಿತ್ತು. 2020ರಲ್ಲಿ ಗಿರಾಕಿಯೇ ಬೇರೆ ಕಡೆ ಹೋಗಿದ್ದ. ಅವನಿಗಾಗಿ ಕಾದ ದಿನವೆಲ್ಲ ನಷ್ಟ. ವ್ಯಾಪಾರ ಇಳಿದಾಗ ಸಾಲಕ್ಕೆ ಸಹಿ ಹಾಕುವ ಮುಂಚೆ ಗಿರಾಕಿಯ ಜೇಬು ಖಾಲಿಯೋ, ಗಿರಾಕಿಯೇ ಹೋದನೋ ಎಂಬುದನ್ನು ತಿಳಿದುಕೊಳ್ಳಿ. ಅದಕ್ಕೂ ಮುಂಚೆ ಉದ್ರಿ ಬಿಟ್ಟು ಕೈಯಲ್ಲಿರುವ ರೊಕ್ಕ ಎಣಿಸಿ, ಎಷ್ಟು ತಿಂಗಳು ನಡೆಯುತ್ತದೆ ನೋಡಿ.